ಬಾರದ ಕುದುರೆಯ ಮೇಲೆ ಕಟ್ಟಿದ ಪಣ

ನಳಮಹಾರಾಜನ ಕಥೆ ಕನ್ನಡಿಗರಿಗೆ ಹೊಸದಲ್ಲ. ಕನಕದಾಸರ ನಳಚರಿತ್ರೆಯ ಮೂಲಕ ಅದು ನಮ್ಮ ಮನೆಮನೆಯ ಕಥೆಯಾಗಿದೆ. ಇದರ ಮೂಲವಾದ ಮಹಾಭಾರತದ ಅರಣ್ಯಪರ್ವದಲ್ಲಿ ಒಂದು ಸೊಗಸಾದ ಸನ್ನಿವೇಶವುಂಟು. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಅರಸನಾದ ಋತುಪರ್ಣನಲ್ಲಿ ಸಾರಥಿಯಾಗಿರುತ್ತಾನೆ. ವಿದರ್ಭಕ್ಕೆ ಹೋಗುವ ದಾರಿಯಲ್ಲಿ ಋತುಪರ್ಣನು ಒಂದು ತಾರೆಯ ಮರವನ್ನು ಕಂಡು, ಅದರಲ್ಲಿ ಎಲೆ ಎಷ್ಟು, ಕಾಯಿ ಎಷ್ಟು ಎಂಬುದನ್ನು ಎಣಿಸದೆಯೇ ಹೇಳಿಬಿಡುತ್ತಾನೆ. ನಳನು ರಥವನ್ನು ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿದೆ. ಅರಸನಿಗೆ ತಿಳಿದಿದ್ದುದು ಅಕ್ಷಹೃದಯ, ಎಂದರೆ ದಾಳಗಳ ಮತ್ತು ಸಂಖ್ಯೆಯ ಮರ್ಮ. ಸಾರಥಿಗೆ ತಿಳಿದಿದ್ದುದು ಅಶ್ವಹೃದಯ, ಎಂದರೆ ಕುದುರೆಯ ಮರ್ಮ. ಒಂದು ವಿದ್ಯೆಗೆ ಪ್ರತಿಯಾಗಿ ಇನ್ನೊಂದು ವಿದ್ಯೆ ಎಂಬುದಾಗಿ ಅವರಿಬ್ಬರಲ್ಲಿ ಒಪ್ಪಂದವಾಗುತ್ತದೆ.

ಈ ಎರಡು ವಿದ್ಯೆಗಳೂ ಒಬ್ಬನಲ್ಲಿಯೇ ಕೂಡಿರಬೇಕೆಂದು ಬಯಸುವ ಒಂದು ವಿಚಿತ್ರ ವ್ಯವಹಾರ ಇಂಗ್ಲೆಂಡಿನಲ್ಲಿಯೂ ಐರ್ಲೆಂಡಿನಲ್ಲಿಯೂ ಬಹುಕಾಲದಿಂದ ನಡೆದುಬಂದಿದೆ. ಬೇಲಿ ಹಳ್ಳಗಳನ್ನು ಹಾರಿ ಓಡುವ ಕುದುರೆಗಳ ಮೇಲೆ, ಓಟಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷದಷ್ಟು ಮುಂಚಿತವಾಗಿಯೇ ಹಣ ಕಟ್ಟುವ ಪದ್ಧತಿ ಅದು. ಅದಕ್ಕೆ ಅಲ್ಲಿ ಆಂಟಿಪೋಸ್ಟ್ ಪಣವೆಂದು ಹೆಸರು. ಇಲ್ಲಿ ಆಂಟಿ ಎಂಬುದಕ್ಕೆ ವಿರೋಧದ ಅರ್ಥವಿಲ್ಲ. ‘ಮುಂಚೆ’ ಎಂಬ ಅರ್ಥದ ಲ್ಯಾಟಿನ್ ಪದವದು. ಕುದುರೆಗಳು ಗೂಟದ ಬಳಿ ಬಂದು ಸೇರುವುದಕ್ಕೆ ಮುಂಚಿನ ಪಣ ಎಂದು ಅದನ್ನು ಅರ್ಥ ಮಾಡಿಕೊಳ್ಳಬಹುದು. ನಾವು ಅದನ್ನು ಮುಂಗಡ ಪಣವೆಂದು ಕರೆಯೋಣ.

ಮುಂಗಡ ಪಣದ ಮುಖ್ಯ ನಿಯಮ ಒಂದೇ. ಆದರೆ ಅದು ಬಹಳ ಕಠಿಣವಾದುದು. ಓಟದ ದಿನ ಕಟ್ಟುವ ಸಾಮಾನ್ಯ ಪಣದಲ್ಲಿ, ನಾವು ಆರಿಸಿದ ಕುದುರೆಯನ್ನು ಕಡೆಗಳಿಗೆಯಲ್ಲಿ ಹಿಂದಕ್ಕೆ ತೆಗೆದುಕೊಂಡರೆ ನಮ್ಮ ಹಣ ನಮಗೆ ಹಿಂದಿರುಗುತ್ತದೆ. ಮುಂಗಡ ಪಣದಲ್ಲಿ ಹಾಗಲ್ಲ. ಕುದುರೆಗೆ ಕಾಲು ಉಳುಕಲಿ, ಕೆಮ್ಮು ಹಿಡಿಯಲಿ, ಯಜಮಾನನ ಮನಸ್ಸು ಬದಲಾಗಲಿ, ಅದು ಓಟಕ್ಕೆ ಬಾರದೆಹೋದರೆ ಕಟ್ಟಿದ ಹಣ ಹೋದಂತೆಯೇ. ಈ ಅಪಾಯವನ್ನು ಒಪ್ಪಿಕೊಂಡದ್ದಕ್ಕೆ ಪ್ರತಿಫಲವಾಗಿ ಪಣದ ದರ ಹೆಚ್ಚಾಗಿರುತ್ತದೆ. ಮಾರ್ಚ್ ತಿಂಗಳಿನಲ್ಲಿ ಒಂದಕ್ಕೆ ಐದು ಕೊಡುವ ಕುದುರೆಗೆ ನವೆಂಬರಿನಲ್ಲಿ ಒಂದಕ್ಕೆ ಇಪ್ಪತ್ತು ದೊರೆಯಬಹುದು. ಆದ್ದರಿಂದ ಕುದುರೆ ಗೆಲ್ಲುವುದೇ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. ಕುದುರೆ ಬರುವುದೇ ಎಂಬುದು ಮೊದಲನೆಯದು. ಬಾರದೆಹೋದರೆ ಆ ನಷ್ಟವನ್ನು ಹೊರಬೇಕಾದವರು ಯಾರು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಈ ಪದ್ಧತಿಯ ಚರಿತ್ರೆ ಎಂದರೆ ತಪ್ಪಾಗಲಾರದು.

ಬೆಂಗಳೂರು, ಮೈಸೂರುಗಳ ರೇಸ್ ಮೈದಾನಗಳನ್ನು ಕಂಡವರಿಗೆ ಪರಿಚಯವಿರುವುದು ಅಡೆತಡೆಗಳಿಲ್ಲದ ಸಮತಲದ ಓಟ. ಹಾರುವ ಓಟದ ಹುಟ್ಟು ಬೇರೆ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಪ್ರಾಂತದಲ್ಲಿ ಕಾರ್ನೀಲಿಯಸ್ ಓ ಕ್ಯಾಲಹನ್, ಎಡ್ಮಂಡ್ ಬ್ಲೇಕ್ ಎಂಬ ಇಬ್ಬರು ತಮ್ಮ ಕುದುರೆಗಳ ಯೋಗ್ಯತೆಯನ್ನು ಕುರಿತು ಪಂಥ ಕಟ್ಟಿದರೆಂದೂ, ಬಟ್ಟೆವಂಟ್ ಊರಿನ ಚರ್ಚಿನಿಂದ ಡೋನರೈಲ್ ಊರಿನ ಚರ್ಚಿನವರೆಗೆ, ಸುಮಾರು ನಾಲ್ಕೂವರೆ ಮೈಲಿ, ಹೊಲ ಗದ್ದೆ ಬೇಲಿ ತೊರೆಗಳನ್ನು ಹಾರಿಕೊಂಡು ಓಡಿದರೆಂದೂ ಹೇಳುತ್ತಾರೆ. ದೂರದಿಂದ ಕಾಣುವ ಗುರಿ ಎಂದರೆ ಚರ್ಚಿನ ಗೋಪುರ. ಇಂಗ್ಲಿಷಿನಲ್ಲಿ ಆ ಗೋಪುರಕ್ಕೆ ಸ್ಟೀಪಲ್ ಎಂದು ಹೆಸರು. ಆದ್ದರಿಂದಲೇ ಆ ಓಟ ಸ್ಟೀಪಲ್‌ಚೇಸ್ ಆಯಿತು. ಈ ಹಳ್ಳಿಯ ಪಂಥವೇ ಮುಂದೆ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 1839ರಲ್ಲಿ ಲಿವರ್‌ಪೂಲ್ ನಗರದ ಹತ್ತಿರದ ಏಂಟ್ರಿಯಲ್ಲಿ, ಇಂದು ಗ್ರ್ಯಾಂಡ್ ನ್ಯಾಷನಲ್ ಎಂದು ಹೆಸರಾಗಿರುವ ಓಟ ನಡೆಯಿತು. ಆ ದಿನ ಕ್ಯಾಪ್ಟನ್ ಬೀಚರ್ ಎಂಬ ಸವಾರ ಹಳ್ಳದಲ್ಲಿ ಬಿದ್ದು ತನ್ನ ಹೆಸರನ್ನು ಆ ಹಳ್ಳಕ್ಕೆ ಶಾಶ್ವತವಾಗಿ ಬಿಟ್ಟುಹೋದ. ಗೆದ್ದ ಕುದುರೆಯ ಹೆಸರು ಲಾಟರಿ. ಮುಂದಿನ ಚರಿತ್ರೆಗೆ ಇದಕ್ಕಿಂತ ತಕ್ಕ ಹೆಸರು ದೊರೆಯುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಚೆಲ್ಟನ್‌ಹ್ಯಾಮ್ ಎಂಬ ಊರು ಹಾರುವ ಓಟಗಳ ಎರಡನೆಯ ರಾಜಧಾನಿಯಾಯಿತು. ಅಲ್ಲಿ 1924ರಲ್ಲಿ ಹಾರುವ ಓಟವಾಗಿ ಗೋಲ್ಡ್ ಕಪ್ಪೂ 1927ರಲ್ಲಿ ಚಾಂಪಿಯನ್ ಹರ್ಡಲ್ ಎಂಬ ಸ್ಪರ್ಧೆಯೂ ಆರಂಭವಾದವು. ಚೆಲ್ಟನ್‌ಹ್ಯಾಮಿನ ಹಬ್ಬ ಮಾರ್ಚಿಯಲ್ಲಿ, ಏಂಟ್ರಿಯ ಓಟ ವಸಂತದಲ್ಲಿ. ಶರತ್ಕಾಲದಿಂದ ಅಲ್ಲಿಯವರೆಗೆ ಸಣ್ಣ ದೊಡ್ಡ ಓಟಗಳು ನಡೆಯುತ್ತಲೇ ಇರುತ್ತವೆ. ಮಂಜು ಕವಿದ ಆ ದೀರ್ಘ ಚಳಿಗಾಲವೇ ಮುಂಗಡ ಪಣದ ಋತು.

ಹಾರುವ ಕುದುರೆಗಳ ವಿಷಯದಲ್ಲಿ ಈ ಪದ್ಧತಿ ಇಷ್ಟು ಆಳವಾಗಿ ಬೇರೂರಲು ಒಂದು ಕಾರಣವುಂಟು. ಸಮತಲದ ಓಟದಲ್ಲಿ ಹೆಸರು ಪಡೆದ ಕುದುರೆ ಮೂರು ನಾಲ್ಕು ವರ್ಷ ವಯಸ್ಸಾಗುತ್ತಲೇ ತಳಿ ಬೆಳೆಸುವುದಕ್ಕಾಗಿ ಮೈದಾನವನ್ನು ಬಿಟ್ಟುಹೋಗುತ್ತದೆ. ಹಾರುವ ಕುದುರೆಗಳಲ್ಲಿ ಹೆಚ್ಚಿನವು ಬೀಜ ಒಡೆದವು. ಅವಕ್ಕೆ ಬೇರೆ ಉದ್ಯೋಗವಿಲ್ಲ; ಹತ್ತು ಹನ್ನೆರಡು ವರ್ಷದವರೆಗೂ ಚಳಿಗಾಲದಿಂದ ಚಳಿಗಾಲಕ್ಕೆ ಓಡುತ್ತಲೇ ಇರುತ್ತವೆ. ನಮ್ಮ ಕರಾವಳಿಯ ಜನ ಯಕ್ಷಗಾನ ಮೇಳದ ಹೆಸರಾಂತ ವೇಷಧಾರಿಯನ್ನು ವರ್ಷವರ್ಷವೂ ಎದುರು ನೋಡುವಂತೆ ಅಲ್ಲಿಯ ಜನ ಆ ಕುದುರೆಗಳನ್ನು ಎದುರು ನೋಡುತ್ತಾರೆ. ಗೋಲ್ಡನ್ ಮಿಲ್ಲರ್ ಎಂಬ ಕುದುರೆ 1932ರಿಂದ 1936ರವರೆಗೆ ಐದು ಸಲ ಗೋಲ್ಡ್ ಕಪ್ಪನ್ನು ಗೆದ್ದಿತು. ಅಂಥ ಹಳೆಯ ಪರಿಚಯ ಇರುವಾಗ ಮುಂದಿನ ಮಾರ್ಚಿಯನ್ನು ಕುರಿತು ನವೆಂಬರಿನಲ್ಲಿಯೇ ಮಾತಾಡುವುದು ಸಹಜವಲ್ಲವೆ? ಆದರೆ ಅದೇ ದೀರ್ಘ ಬಾಳು ಅಪಾಯಕ್ಕೂ ಕಾರಣ. ಸುಮಾರು ಐನೂರು ಕಿಲೋ ತೂಗುವ ಪ್ರಾಣಿ ಬೇಲಿಯನ್ನು ಹಾರಿ ನೆಲಕ್ಕೆ ಇಳಿಯುವಾಗ ಆ ಭಾರವೆಲ್ಲ ಬೀಳುವುದು ಮುಂಗಾಲುಗಳ ಮೇಲೆ. ಅಲ್ಲಿಯ ಸ್ನಾಯುರಜ್ಜು ಒಮ್ಮೆ ಹರಿದರೆ ಒಂದು ವರ್ಷವಾದರೂ ಲಾಯದಲ್ಲಿಯೇ ನಿಲ್ಲಬೇಕು.

ಈಗ ನಿಯಮದ ಹುಟ್ಟನ್ನು ನೋಡೋಣ. ಹದಿನೆಂಟನೆಯ ಶತಮಾನದಲ್ಲಿ ಪಣ ಕಟ್ಟುತ್ತಿದ್ದವರು ಬಹುಮಟ್ಟಿಗೆ ಕುದುರೆಗಳನ್ನು ಸಾಕಿದ ಶ್ರೀಮಂತರೇ. 1766ರಲ್ಲಿ ರಿಚರ್ಡ್ ಟ್ಯಾಟರ್ಸಾಲ್ ಎಂಬಾತ ಲಂಡನಿನ ಹೈಡ್ ಪಾರ್ಕ್ ಮೂಲೆಯಲ್ಲಿ ಕುದುರೆಗಳ ಹರಾಜು ಕಟ್ಟೆಯನ್ನು ತೆರೆದ. ಕ್ರಮೇಣ ಅಲ್ಲಿಯೇ ಪಣಗಳನ್ನು ಕಟ್ಟುವ, ಲೆಕ್ಕ ತೀರಿಸುವ ಕೊಠಡಿಯೂ ಏರ್ಪಟ್ಟಿತು. ‘ಓಡು, ಇಲ್ಲವೆ ತೆರು’ ಎಂಬ ಅರ್ಥದ ಕರಾರು ಆ ಜನರದು. ಮೇಲುನೋಟಕ್ಕೆ ಕ್ರೂರವಾಗಿ ಕಾಣುವ ಈ ಕರಾರಿಗೆ ಆ ಕಾಲದಲ್ಲಿ ಒಂದು ನ್ಯಾಯವಿತ್ತು. ಇಬ್ಬರು ಯಜಮಾನರು ತಮ್ಮ ತಮ್ಮ ಕುದುರೆಗಳ ಮೇಲೆ ಪಂಥ ಕಟ್ಟಿದ್ದಾರೆನ್ನಿ. ಬಾರದ ಕುದುರೆಯ ಹಣ ಹಿಂದಿರುಗುವುದಾದರೆ, ತನ್ನ ಕುದುರೆ ಸೋಲುವುದೆಂದು ತಿಳಿದೊಡನೆಯೇ ಯಜಮಾನನು ಅದನ್ನು ಲಾಯದಲ್ಲಿ ಕಟ್ಟಿಹಾಕಿ ನಷ್ಟದಿಂದ ಪಾರಾಗಬಹುದು. ಅದನ್ನು ತಡೆಯುವುದಕ್ಕೆ ಈ ಕಟ್ಟುಪಾಡು. ಕುದುರೆಯನ್ನು ಕರೆತರುವ, ಬಿಡುವ ಅಧಿಕಾರ ಯಾರಿಗಿತ್ತೋ ಅವರೇ ಅದರ ಫಲವನ್ನೂ ಹೊರುತ್ತಿದ್ದರು. ಸಮಾನರ ನಡುವೆ ಅದು ಸಮಾನವಾದ ನಿಯಮ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಮಾನತೆ ಮುರಿಯಿತು. ಎಲ್ಲ ಕುದುರೆಗಳ ಮೇಲೂ ದರ ಹೇಳಿ, ಎಲ್ಲರಿಂದಲೂ ಹಣ ಪಡೆಯುವ ಬುಕ್‌ಮೇಕರ್, ನಮ್ಮ ಆಡುಮಾತಿನ ಬುಕ್ಕಿ, ಒಂದು ವೃತ್ತಿಯಾಗಿ ತಲೆಯೆತ್ತಿದ. ನಗರಗಳ ಬೀದಿಬೀದಿಯಲ್ಲಿ, ಮುಂಬರುವ ಓಟಗಳ ದರಪಟ್ಟಿಯನ್ನು ಗೋಡೆಗೆ ತೂಗುಹಾಕಿದ ಅಂಗಡಿಗಳು ಕಾಣಿಸಿಕೊಂಡವು. ಗುಮಾಸ್ತರೂ ಅಂಗಡಿಯ ಹುಡುಗರೂ ಮನೆಗೆಲಸದವರೂ ಅಲ್ಲಿ ಹಣ ಕಟ್ಟಿದರು. ನಿಯಮ ಮಾತ್ರ ಹಳೆಯದೇ. ಕುದುರೆಯ ಮೇಲೆ ಯಾವ ಅಧಿಕಾರವೂ ಇಲ್ಲದ ಗುಮಾಸ್ತ, ಯಜಮಾನನ ಕಪಟವನ್ನು ತಡೆಯಲೆಂದು ಮಾಡಿದ ನಿಯಮದ ಭಾರವನ್ನು ಹೊರಬೇಕಾಯಿತು. ಇದರ ಮೇಲೆ ಕಾನೂನಿನ ವಿಚಿತ್ರ ಬೇರೆ. 1845ರ ಜೂಜಿನ ಕಾನೂನಿನ ಪ್ರಕಾರ ಪಣದ ಸಾಲವನ್ನು ನ್ಯಾಯಾಲಯದ ಮೂಲಕ ವಸೂಲು ಮಾಡುವಂತಿರಲಿಲ್ಲ. ಚಳಿಗಾಲವೆಲ್ಲ ಹಣ ಕೂಡಿಸಿಕೊಂಡು, ಓಟ ಹತ್ತಿರವಾದಾಗ ಬೀಗ ಹಾಕಿ ಕಾಣೆಯಾಗುವ ಅಂಗಡಿಯವರಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕಿರಲಿಲ್ಲ. ತಿಂಗಳುಗಟ್ಟಲೆ ಕಾಯಬೇಕಾದ ಪಣಕ್ಕೆ ಬರಿಯ ನಂಬಿಕೆಯೇ ಆಧಾರವಾದಾಗ ಹೀಗಾಗುವುದು ಸಹಜ. ಕೊನೆಗೆ 1853ರಲ್ಲಿ ಪಾರ್ಲಿಮೆಂಟು ಅಂಥ ಅಂಗಡಿಗಳನ್ನೇ ನಿಷೇಧಿಸಿತು. 1906ರ ಇನ್ನೊಂದು ಕಾನೂನು ಬೀದಿಯಲ್ಲಿ ಪಣ ಪಡೆಯುವುದನ್ನು ಅಪರಾಧವನ್ನಾಗಿ ಮಾಡಿತು.

ಇದರ ಫಲವೇನಾಯಿತು? ಬುಕ್ಕಿಯಲ್ಲಿ ಸಾಲದ ಲೆಕ್ಕವಿರುವ ಶ್ರೀಮಂತನು ಅಂಚೆ, ತಂತಿ, ಟೆಲಿಫೋನುಗಳ ಮೂಲಕ ಹಾಯಾಗಿ ಪಣ ಕಟ್ಟಬಹುದಾಗಿತ್ತು. ಕೈಯಲ್ಲಿ ಆರು ಪೆನ್ನಿ ಹಿಡಿದ ಕೂಲಿಕಾರ ಮಾತ್ರ ಬೀದಿಯ ಮೂಲೆಯಲ್ಲಿ, ಪೊಲೀಸರ ಕಣ್ಣು ತಪ್ಪಿಸಿ, ಬುಕ್ಕಿಯ ಆಳಿಗೆ ಚೀಟಿ ದಾಟಿಸಬೇಕಾಗಿತ್ತು. ಒಂದೇ ಕೆಲಸ ಒಬ್ಬನಿಗೆ ವಿನೋದ, ಇನ್ನೊಬ್ಬನಿಗೆ ಅಪರಾಧ. ಈ ಅನ್ಯಾಯ ತೊಲಗಲು 1960ರ ಕಾನೂನು ಬರಬೇಕಾಯಿತು. ಅದರಂತೆ 1961ರ ಮೇ ತಿಂಗಳಿನಿಂದ ಬ್ರಿಟನಿನಲ್ಲಿ ಪಣದ ಅಂಗಡಿಗಳು ಬಹಿರಂಗವಾಗಿ ಬಾಗಿಲು ತೆರೆದವು.

ನಿಯಮದ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಕುದುರೆಗಳ ಬಳಿಗೆ ಹೋಗೋಣ. ಮುಂಗಡ ಪಣ ಕಟ್ಟಿದವನನ್ನು ಮೂರು ಕಡೆಯಿಂದ ಅಪಾಯ ಕಾಯುತ್ತಿರುತ್ತದೆ. ಮೊದಲನೆಯದು ಭಾರ. ಗ್ರ್ಯಾಂಡ್ ನ್ಯಾಷನಲ್ 1843ರಿಂದ ಹ್ಯಾಂಡಿಕ್ಯಾಪ್ ಓಟ; ಎಂದರೆ ಒಳ್ಳೆಯ ಕುದುರೆಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಮೆ ಭಾರ ಹೊರಿಸಿ ಎಲ್ಲವನ್ನೂ ಸಮಮಾಡುವ ಪ್ರಯತ್ನ. ಆ ಭಾರಗಳ ಪಟ್ಟಿ ಹೊರಬೀಳುವುದಕ್ಕೆ ಮುಂಚೆ ಹಣ ಕಟ್ಟುವವನು ಕುದುರೆ ಎಷ್ಟು ಹೊರಬೇಕೆಂಬುದನ್ನು ತಿಳಿಯದೆಯೇ ಕಟ್ಟುತ್ತಾನೆ. ಗೋಲ್ಡನ್ ಮಿಲ್ಲರ್ 1934ರಲ್ಲಿ ಗೋಲ್ಡ್ ಕಪ್ಪನ್ನೂ ಗ್ರ್ಯಾಂಡ್ ನ್ಯಾಷನಲನ್ನೂ ಒಂದೇ ಋತುವಿನಲ್ಲಿ ಗೆದ್ದಿತು. 1935ರಲ್ಲಿ ಅದು 12 ಸ್ಟೋನ್ 7 ಪೌಂಡು, ಎಂದರೆ ಸುಮಾರು 79 ಕಿಲೋ ಹೊರಬೇಕಾಗಿದ್ದರೂ ಜನರ ಉತ್ಸಾಹ ಕುಗ್ಗಲಿಲ್ಲ. ಲಿಂಕನ್ ಎಂಬ ಸಮತಲದ ಓಟದ ವಿಜಯಿಯನ್ನೂ ನ್ಯಾಷನಲ್ ವಿಜಯಿಯನ್ನೂ ಜೋಡಿಸಿ ಪಣ ಕಟ್ಟುವ ‘ವಸಂತದ ಜೋಡಿ’ ಆಗ ಬಹು ಜನಪ್ರಿಯವಾಗಿತ್ತು. ಓಟದ ದಿನ ಗೋಲ್ಡನ್ ಮಿಲ್ಲರಿನ ದರ ಒಂದಕ್ಕೆ ಎರಡಕ್ಕೆ ಇಳಿದಿತ್ತು. ಮೂವತ್ತು ಬೇಲಿಗಳನ್ನು ಹಾರಬೇಕಾದ ಆ ಓಟದ ಚರಿತ್ರೆಯಲ್ಲಿ ಅಷ್ಟು ಕಡಮೆ ದರದ ಕುದುರೆ ಇನ್ನೊಂದಿಲ್ಲ. ಸುಮಾರು ಹದಿನೈದು ದಿನ ಮುಂಚೆ ಚೆಲ್ಟನ್‌ಹ್ಯಾಮಿನಲ್ಲಿ ಉಸಿರು ಕಟ್ಟಿ ಹೋರಾಡಿ ಗೆದ್ದಿದ್ದ ಕುದುರೆ ಏಂಟ್ರಿಯಲ್ಲಿ ಮೊದಲ ಸುತ್ತು ಮುಗಿಯುವುದಕ್ಕೆ ಮುಂಚೆಯೇ ಸವಾರನನ್ನು ಕೆಡವಿತು. ಗೆದ್ದದ್ದು ರೆನಾಲ್ಡ್ಸ್‌ಟೌನ್.

ಎರಡನೆಯ ಅಪಾಯ ಕಾಲು. 1964, 1965, 1966, ಈ ಮೂರು ವರ್ಷ ಗೋಲ್ಡ್ ಕಪ್ಪನ್ನು ಗೆದ್ದ ಆರ್ಕಲ್ ಎಂಬ ಐರಿಷ್ ಕುದುರೆಯ ಹೆಸರನ್ನು ಹಾರುವ ಓಟದ ಅಭಿಮಾನಿಗಳು ಇಂದಿಗೂ ಭಕ್ತಿಯಿಂದಲೇ ಹೇಳುತ್ತಾರೆ. ಅದು ಸ್ಪರ್ಧೆಯಲ್ಲಿದ್ದರೆ ಒಂದು ಭಾರಪಟ್ಟಿ, ಇಲ್ಲದಿದ್ದರೆ ಇನ್ನೊಂದು ಪಟ್ಟಿ ಎಂದು ಐರ್ಲೆಂಡಿನ ಅಧಿಕಾರಿಗಳು ಎರಡೆರಡು ಪಟ್ಟಿಗಳನ್ನು ತಯಾರಿಸಬೇಕಾಯಿತು. 1966ರ ಗೋಲ್ಡ್ ಕಪ್ಪಿನಲ್ಲಿ ಅದರ ದರ ಹತ್ತಕ್ಕೆ ಒಂದು. ಹತ್ತು ಪೌಂಡು ಕಟ್ಟಿದವನಿಗೆ ಲಾಭ ಒಂದೇ ಪೌಂಡು. ಅಂಥ ಕುದುರೆಯ ಮೇಲೆ ಮುಂದಿನ ವರ್ಷಕ್ಕೆ ಹಣ ಕಟ್ಟುವುದು ಬ್ಯಾಂಕಿನಲ್ಲಿ ಹಣ ಇಟ್ಟಂತೆಯೇ ಎಂದು ಯಾರಾದರೂ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಕೆಂಪ್‌ಟನ್ ಮೈದಾನದಲ್ಲಿ ಓಡುತ್ತಿರುವಾಗ ಆರ್ಕಲಿನ ಗೊರಸಿನೊಳಗಿನ ಮೂಳೆ ಮುರಿಯಿತು. ಮುರಿದ ಕಾಲಿನಲ್ಲಿಯೇ ಎರಡನೆಯದಾಗಿ ಗುರಿ ಮುಟ್ಟಿದ ಕುದುರೆ ಮತ್ತೆ ಓಡಲಿಲ್ಲ. ಆರ್ಕಲ್ ಇಲ್ಲದ 1967ರ ಗೋಲ್ಡ್ ಕಪ್ಪನ್ನು ಗೆದ್ದದ್ದು ವುಡ್‌ಲ್ಯಾಂಡ್ ವೆಂಚರ್. ಅದರ ಸವಾರ ಟೆರಿ ಬಿಡಲ್‌ಕೋಂಬ್.

ಈ ಬಿಡಲ್‌ಕೋಂಬನ ಹೆಸರನ್ನು ಕೇಳುಗರು ಸ್ವಲ್ಪ ಹೊತ್ತು ನೆನಪಿನಲ್ಲಿಡಬೇಕು. ಮುಂದೆ ಆತ ಹೆನ್ರಿಯೆಟ್ಟಾ ನೈಟ್ ಎಂಬ ಮಹಿಳಾ ತರಬೇತುಗಾರರನ್ನು ಮದುವೆಯಾದ. ಅವರ ಲಾಯದ ಬೆಸ್ಟ್ ಮೇಟ್ 2002ರಿಂದ 2004ರವರೆಗೆ ಮೂರು ಸಲ ಗೋಲ್ಡ್ ಕಪ್ಪನ್ನು ಗೆದ್ದು ಆರ್ಕಲಿನ ಸಮಕ್ಕೆ ನಿಂತಿತು. 2005ರಲ್ಲಿ ನಾಲ್ಕನೆಯ ಸಲಕ್ಕೆ ಎಲ್ಲರೂ ಕಾಯುತ್ತಿದ್ದರು. ಕುದುರೆಯನ್ನು ಗಾಜಿನ ಪಾತ್ರೆಯಂತೆ ಕಾಪಾಡಿ, ವರ್ಷಕ್ಕೆ ಕೆಲವೇ ಓಟಗಳಲ್ಲಿ ಓಡಿಸುತ್ತಿದ್ದರು. ಆದರೂ ಓಟಕ್ಕೆ ಸುಮಾರು ಒಂದು ವಾರವಿರುವಾಗ, ಬೆಳಗಿನ ಅಭ್ಯಾಸದಲ್ಲಿ ಅದರ ರಕ್ತನಾಳವೊಂದು ಒಡೆಯಿತು. ಬೆಸ್ಟ್ ಮೇಟ್ ಚೆಲ್ಟನ್‌ಹ್ಯಾಮಿಗೆ ಬರಲಿಲ್ಲ.

ಅದೇ ಓಟಕ್ಕೆ ಹೆಸರು ಕೊಟ್ಟಿದ್ದ ಇನ್ನೊಂದು ಕುದುರೆ ಕಿಕಿಂಗ್ ಕಿಂಗ್. ಅದರ ಆರೋಗ್ಯ ಸರಿಯಿಲ್ಲ, ಅದು ಗೋಲ್ಡ್ ಕಪ್ಪಿನಲ್ಲಿ ಓಡುವುದಿಲ್ಲ ಎಂದು ಓಟಕ್ಕೆ ಕೆಲವೇ ವಾರ ಮುಂಚೆ ತರಬೇತುಗಾರ ಟಾಮ್ ಟಾಫ್ ಪ್ರಕಟಿಸಿದ್ದ. ಅದರ ಮೇಲೆ ಚಳಿಗಾಲದಲ್ಲಿ ಹಣ ಕಟ್ಟಿದ್ದವರು ಚೀಟಿಗಳನ್ನು ಹರಿದು ಎಸೆದಿದ್ದರೂ ಆಶ್ಚರ್ಯವಿಲ್ಲ. ಆದರೆ ಕುದುರೆ ಎಣಿಸಿದ್ದಕ್ಕಿಂತ ಬೇಗ ಚೇತರಿಸಿಕೊಂಡಿತು. ಮರಳಿ ಅಭ್ಯಾಸಕ್ಕೆ ಬಂದಿತು, ಓಡಿತು, ಗೆದ್ದಿತು. ಈ ಟಾಮ್ ಟಾಫ್ ಯಾರೆಂದರೆ ಆರ್ಕಲಿನ ಸವಾರನಾಗಿದ್ದ ಪ್ಯಾಟ್ ಟಾಫನ ಮಗ. ಆರ್ಕಲ್ ಬಾರದ ವರ್ಷ ಗೆದ್ದವನು ಬಿಡಲ್‌ಕೋಂಬ್. ಬಿಡಲ್‌ಕೋಂಬನ ಮನೆಯ ಕುದುರೆ ಬಾರದ ವರ್ಷ ಗೆದ್ದವನು ಆರ್ಕಲ್ ಸವಾರನ ಮಗ. ಮೂವತ್ತೆಂಟು ವರ್ಷಗಳ ಅಂತರದಲ್ಲಿ ತಕ್ಕಡಿಯ ಎರಡು ತಟ್ಟೆಗಳೂ ಸಮವಾದವು. ಇಂಥದನ್ನು ಯಾವ ಅಕ್ಷಹೃದಯವೂ ಮುಂದಾಗಿ ಹೇಳಲಾರದು.

ರೆಡ್ ರಮ್ಮಿನ ಕಥೆಯನ್ನೂ ಇಲ್ಲಿಯೇ ಹೇಳಬೇಕು. ಸೌತ್‌ಪೋರ್ಟಿನ ಕಡಲತೀರದ ಮರಳಿನಲ್ಲಿ ಓಡಿ ಪಳಗಿದ ಈ ಕುದುರೆ 1973, 1974, 1977, ಹೀಗೆ ಮೂರು ಸಲ ಗ್ರ್ಯಾಂಡ್ ನ್ಯಾಷನಲನ್ನು ಗೆದ್ದಿತು. ನಡುವಿನ ಎರಡು ವರ್ಷ ಎರಡನೆಯದಾಗಿ ಬಂದಿತು. 1978ರಲ್ಲಿ ನಾಲ್ಕನೆಯ ಗೆಲುವಿಗೆ ದೇಶವೇ ಕಾದಿತ್ತು. ಓಟದ ಹಿಂದಿನ ದಿನ ಪಾದದ ಪೆಟ್ಟಿನ ಕಾರಣದಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಚಳಿಗಾಲವೆಲ್ಲ ಕಾದವರಿಗೆ ಒಂದೇ ಒಂದು ದಿನದ ಕೊರತೆ. ಆದರೆ ಹಳೆಯ ನಿಯಮಕ್ಕೆ ಒಂದು ದಿನವೂ ಒಂದೇ, ನಾಲ್ಕು ತಿಂಗಳೂ ಒಂದೇ.

ಮೂರನೆಯ ಅಪಾಯ ಯಜಮಾನ. ಒಂದು ಕಾಲದಲ್ಲಿ ಯಜಮಾನನ ಇಚ್ಛೆಯಷ್ಟೇ ಅಲ್ಲ, ಅವನ ಆಯುಸ್ಸೂ ಮುಖ್ಯವಾಗಿತ್ತು. ಕುದುರೆಯ ಹೆಸರನ್ನು ಓಟಕ್ಕೆ ಬರೆಸಿದವನು ತೀರಿಕೊಂಡರೆ ಆ ನಮೂದು ತಾನಾಗಿ ರದ್ದಾಗುತ್ತದೆಂಬ ನಿಯಮ ಇಂಗ್ಲೆಂಡಿನ ಕುದುರೆ ಓಟದಲ್ಲಿ ಬಹುಕಾಲ ಇತ್ತು. ಪತ್ತೇದಾರಿ ಕಾದಂಬರಿಗಳಿಂದ ನಮ್ಮ ಹಿರಿಯರಿಗೂ ಪರಿಚಿತನಾದ ಎಡ್ಗರ್ ವಾಲೇಸನೇ ಈ ನಿಯಮವನ್ನು ಪರೀಕ್ಷಿಸುವ ಮೊಕದ್ದಮೆಯಲ್ಲಿ ಪಕ್ಷಗಾರನಾಗಿ, 1929ರಲ್ಲಿ ಅದು ಬಿದ್ದುಹೋಯಿತು.

ಈಚಿನ ದಿನಗಳ ನಿದರ್ಶನ ಟೈಗರ್ ರೋಲ್. 2018, 2019ರಲ್ಲಿ ಎಡೆಬಿಡದೆ ಎರಡು ನ್ಯಾಷನಲ್‌ಗಳನ್ನು ಗೆದ್ದ ಈ ಪುಟ್ಟ ಕುದುರೆಯ ಮೇಲೆ 2020ರ ಓಟಕ್ಕೆ ಜನ ಧಾರಾಳವಾಗಿ ಹಣ ಕಟ್ಟಿದ್ದರು. ಆ ಮಾರ್ಚಿಯಲ್ಲಿ ಕೊರೋನಾ ಪಿಡುಗಿನಿಂದ ಓಟವೇ ರದ್ದಾಯಿತು. ಓಟವೇ ನಡೆಯದಿದ್ದರೆ ಮುಂಗಡ ಪಣದ ಹಣವನ್ನು ಹಿಂದಿರುಗಿಸಬೇಕೆಂಬುದು ನಿಯಮ. 1993ರಲ್ಲಿಯೂ ಹೀಗೆಯೇ ಆಗಿತ್ತು. ಆಗ ಆರಂಭದ ಹಗ್ಗ ಸರಿಯಾಗಿ ಮೇಲೇಳದೆ, ತಪ್ಪು ಆರಂಭವಾಯಿತೆಂಬ ಸೂಚನೆ ಸವಾರರಿಗೆ ತಿಳಿಯದೆ, ಕುದುರೆಗಳು ಓಡಿಯೇಬಿಟ್ಟವು. ಏಷಾ ನೆಸ್ ಎಂಬ ಕುದುರೆ ಮೊದಲು ಗುರಿ ಮುಟ್ಟಿದರೂ ಓಟ ಅಸಿಂಧುವಾಗಿ, ಸುಮಾರು 7.5 ಕೋಟಿ ಪೌಂಡುಗಳ ಪಣ ಕಟ್ಟಿದವರಿಗೆ ಮರಳಿ ಸಂದಿತು. 2020ರಲ್ಲಿ ಟೈಗರ್ ರೋಲಿನ ಅಭಿಮಾನಿಗಳಿಗೂ ಹಾಗೆ ಹಣ ಹಿಂದಕ್ಕೆ ಬಂತು. 2021ರಲ್ಲಿ ಓಟ ನಡೆಯಿತು. ಆದರೆ ಕುದುರೆಗೆ ಹೊರಿಸಿದ ಭಾರ ಅನ್ಯಾಯವೆಂದು ಭಾವಿಸಿ ಯಜಮಾನರ ಕಡೆಯವರು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಈ ಸಲ ಹಳೆಯ ನಿಯಮದಂತೆ ಕಟ್ಟಿದವರ ಹಣ ಹೋಯಿತು. ಕುದುರೆ ಅದೇ, ಬಾರದೆಹೋದದ್ದೂ ಅದೇ ಬಗೆ. ಕಟ್ಟಿದವನ ತಪ್ಪು ಎರಡರಲ್ಲಿಯೂ ಇಲ್ಲ. ಪಿಡುಗಿನ ನಷ್ಟವನ್ನು ಬುಕ್ಕಿ ಬಿಟ್ಟುಕೊಡುತ್ತಾನೆ. ಯಜಮಾನನ ಮುನಿಸಿನ ನಷ್ಟವನ್ನು ಬಡ ಅಭಿಮಾನಿ ಹೊರುತ್ತಾನೆ.

ಹಾಗಾದರೆ ಹೆಚ್ಚಿನ ದರ ದೊರೆಯುತ್ತದಲ್ಲ, ಅದು ಈ ನಷ್ಟಕ್ಕೆ ಪರಿಹಾರವಲ್ಲವೆ ಎಂದು ಕೇಳಬಹುದು. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಒಂದು ಕುದುರೆ ಓಟಕ್ಕೆ ಬಂದರೆ ಐದರಲ್ಲಿ ಒಂದು ಸಲ ಗೆಲ್ಲುವುದೆಂದು ಇಟ್ಟುಕೊಳ್ಳಿ. ಅದಕ್ಕೆ ನ್ಯಾಯವಾದ ದರ ಒಂದಕ್ಕೆ ನಾಲ್ಕು. ಈಗ ಅದು ಓಟಕ್ಕೆ ಬರುವ ಸಂಭವವೇ ನಾಲ್ಕರಲ್ಲಿ ಮೂರು ಎಂದಾದರೆ, ಬಂದು ಗೆಲ್ಲುವ ಸಂಭವ ಇಪ್ಪತ್ತರಲ್ಲಿ ಮೂರು ಮಾತ್ರ. ಆಗ ನ್ಯಾಯವಾದ ದರ ಒಂದಕ್ಕೆ ಐದೂ ಮುಕ್ಕಾಲಿಗೆ ಹತ್ತಿರ. ಚಳಿಗಾಲದಲ್ಲಿ ಒಂದಕ್ಕೆ ಐದು ಎಂದು ಕೇಳಿ ಹಿಗ್ಗುವವನು, ಒಂದಕ್ಕೆ ನಾಲ್ಕಕ್ಕಿಂತ ತಾನು ಲಾಭದಲ್ಲಿದ್ದೇನೆಂದು ತಿಳಿಯುತ್ತಾನೆ. ನಿಜವಾಗಿ ಅವನು ನಷ್ಟದಲ್ಲಿದ್ದಾನೆ. ದರದಲ್ಲಿ ಕಾಣುವ ಉದಾರತೆ ಅನೇಕ ವೇಳೆ ಬಾರದ ಕುದುರೆಗಳ ಹಣದಿಂದಲೇ ಬಂದದ್ದು. ಐವತ್ತು ಕುದುರೆಗಳ ಮೇಲೆ ಹಣ ಪಡೆದು, ಅವುಗಳಲ್ಲಿ ಹದಿನೈದು ಮಾತ್ರ ಬಂದರೆ, ಉಳಿದ ಮೂವತ್ತೈದರ ಹಣ ಓಟ ಆರಂಭವಾಗುವುದಕ್ಕೆ ಮುಂಚೆಯೇ ಬುಕ್ಕಿಯ ಚೀಲ ಸೇರಿರುತ್ತದೆ. ಜಾಣನಾದವನು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು, ದರ ನಿಜವಾಗಿಯೂ ಹೆಚ್ಚಿರುವಲ್ಲಿ ಮಾತ್ರ ಕಟ್ಟುತ್ತಾನೆ. ಅಂಥವರು ಇಲ್ಲವೆಂದಲ್ಲ, ಆದರೆ ಕೆಲವರು.

ಲೆಕ್ಕಕ್ಕಿಂತ ದೊಡ್ಡದು ಸುದ್ದಿಯ ಪ್ರಶ್ನೆ. ಕುದುರೆಯ ಕಾಲು ಬಿಸಿಯೇರಿರುವುದು ಮೊದಲು ಗೊತ್ತಾಗುವುದು ಬೆಳಗಿನ ಜಾವ ಅದರ ಮೈ ಉಜ್ಜುವ ಲಾಯದ ಹುಡುಗನಿಗೆ. ಆಮೇಲೆ ತರಬೇತುಗಾರನಿಗೆ, ವೈದ್ಯನಿಗೆ, ಯಜಮಾನನಿಗೆ. ಪತ್ರಿಕೆ ಓದಿ ಪಣ ಕಟ್ಟುವವನ ಸರದಿ ಎಲ್ಲರ ಕೊನೆಗೆ. 2000ದಲ್ಲಿ ಬೆಟ್‌ಫೇರ್ ಎಂಬ ವಿನಿಮಯ ಕೇಂದ್ರ ಆರಂಭವಾದ ಮೇಲೆ, ಒಂದು ಕುದುರೆ ಗೆಲ್ಲುವುದಿಲ್ಲವೆಂದು ಪಣ ಕಟ್ಟುವುದೂ ಸಾಮಾನ್ಯ ಜನರಿಗೆ ಸಾಧ್ಯವಾಯಿತು. ಕುದುರೆ ಬರುವುದಿಲ್ಲವೆಂದು ಮುಂದಾಗಿ ತಿಳಿದವನಿಗೆ ಅದು ಎಂಥ ಪ್ರಲೋಭನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಜೂಜಿನ ಕಾನೂನು ಇಂಥ ಮೋಸವನ್ನು ಅಪರಾಧವೆಂದು ಸಾರಿತು. 1845ರ ಹಳೆಯ ಕಟ್ಟಳೆಯನ್ನೂ ಅದೇ ಕಾನೂನು ತೆಗೆದುಹಾಕಿ, ಪಣದ ಒಪ್ಪಂದವನ್ನು ನ್ಯಾಯಾಲಯದಲ್ಲಿ ಎತ್ತಿಹಿಡಿಯಬಹುದಾದ ಒಪ್ಪಂದವನ್ನಾಗಿ ಮಾಡಿತು. ನೂರ ಅರುವತ್ತು ವರ್ಷಗಳ ಮೇಲೆ, ಮರ್ಯಾದಸ್ಥರ ಮಾತಿನ ಜಾಗಕ್ಕೆ ಕಾಗದದ ಕರಾರು ಬಂತು. ಈಚೆಗೆ ಪೈಪೋಟಿಯಿಂದಾಗಿ ಬುಕ್ಕಿಗಳೇ, ದೊಡ್ಡ ಓಟಗಳು ಹತ್ತಿರವಾದಾಗ, ಕುದುರೆ ಬಾರದಿದ್ದರೆ ಹಣ ವಾಪಸು ಎಂದು ಸಾರುವ ರೂಢಿಯೂ ಬೆಳೆದಿದೆ. ಆಗ ದರ ತುಸು ಕಡಮೆ. ಅಪಾಯದ ಬೆಲೆ ಎಷ್ಟೆಂಬುದು ಈ ಎರಡು ದರಗಳ ವ್ಯತ್ಯಾಸದಲ್ಲಿ ಎಲ್ಲರ ಕಣ್ಣಿಗೂ ಕಾಣುವಂತಾಯಿತು. ಈ ಪದ್ಧತಿಯ ಚರಿತ್ರೆಯಲ್ಲಿ ನಡೆದ ಒಳ್ಳೆಯ ಸುಧಾರಣೆಗಳಲ್ಲಿ ಇದೊಂದು ಎಂದು ನನ್ನ ಭಾವನೆ.

ಇಷ್ಟೆಲ್ಲ ತಿಳಿದೂ ಜನ ಏಕೆ ಕಟ್ಟುತ್ತಾರೆ? ಲಾಭವೊಂದೇ ಗುರಿಯಾಗಿದ್ದರೆ ಈ ವ್ಯವಹಾರ ಎಂದೋ ನಿಂತುಹೋಗಬೇಕಾಗಿತ್ತು. 1979ರಲ್ಲಿ ಬಾಬ್ ಚಾಂಪಿಯನ್ ಎಂಬ ಸವಾರನಿಗೆ ಕ್ಯಾನ್ಸರ್ ಇರುವುದಾಗಿ ವೈದ್ಯರು ಹೇಳಿದರು. ಅವನು ಸವಾರಿ ಮಾಡಬೇಕೆಂದು ಆಸೆಪಟ್ಟಿದ್ದ ಆಲ್ಡನೀಟಿ ಎಂಬ ಕುದುರೆಯೂ ಅದೇ ಕಾಲದಲ್ಲಿ ಕಾಲು ಕೆಡಿಸಿಕೊಂಡು ಮಲಗಿತು. ಇಬ್ಬರೂ ಮತ್ತೆ ಏಂಟ್ರಿಯನ್ನು ನೋಡುವರೆಂದು ಆಗ ಪಣ ಕಟ್ಟುವ ಧೈರ್ಯ ಯಾರಿಗಿದ್ದೀತು? 1981ರ ಏಪ್ರಿಲಿನಲ್ಲಿ ಇಬ್ಬರೂ ಬಂದರು, ಗೆದ್ದರು. ಚಳಿಗಾಲದ ಸಂಜೆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ನಡೆಯುವ ಸಾಮಾನ್ಯ ಮನುಷ್ಯ ಕೊಂಡುಕೊಳ್ಳುವುದು ಇಂಥದೊಂದು ದಿನದ ನಿರೀಕ್ಷೆಯನ್ನು. ಅದು ತಪ್ಪೆಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ನಿರೀಕ್ಷೆಯ ಹೆಸರಿನಲ್ಲಿ ಮನೆಯ ಅಕ್ಕಿಬೇಳೆಯ ಹಣವನ್ನು ಕಟ್ಟಿ ಹಾಳಾದ ಸಂಸಾರಗಳು ಎಲ್ಲ ದೇಶಗಳಲ್ಲಿಯೂ ಉಂಟು. ಇನ್ನೊಂದು ಮಾತನ್ನೂ ಮರೆಯಬಾರದು. ಪಣಕ್ಕೆ ಇಟ್ಟದ್ದು ನಮ್ಮ ಹಣವಾದರೂ ಮುರಿಯುವುದು ಕುದುರೆಯ ಕಾಲು. ನಾಲ್ಕನೆಯ ಗೋಲ್ಡ್ ಕಪ್ಪಿಗೆ ಬಾರದೆಹೋದ ಬೆಸ್ಟ್ ಮೇಟ್ ಅದೇ ವರ್ಷದ ನವೆಂಬರಿನಲ್ಲಿ ಎಕ್ಸಿಟರ್ ಮೈದಾನದಲ್ಲಿ ಕುಸಿದು ಸತ್ತಿತು. ಕುದುರೆಗಳ ಸುರಕ್ಷತೆಗಾಗಿ ಗ್ರ್ಯಾಂಡ್ ನ್ಯಾಷನಲ್ ಸ್ಪರ್ಧಿಗಳ ಸಂಖ್ಯೆಯನ್ನು 2024ರಿಂದ 40ರಿಂದ 34ಕ್ಕೆ ಇಳಿಸಿದ್ದಾರೆ.

ಋತುಪರ್ಣನು ಎಲೆಗಳ ಲೆಕ್ಕ ಹೇಳಿದ ತಾರೆಯ ಮರ ನಿಂತಲ್ಲಿಯೇ ನಿಂತಿತ್ತು. ಆದ್ದರಿಂದಲೇ ನಳನು ರಥದಿಂದಿಳಿದು ಎಣಿಸಿ, ಸರಿಯೋ ತಪ್ಪೋ ನೋಡಲು ಸಾಧ್ಯವಾಯಿತು. ನಾಲ್ಕು ತಿಂಗಳ ಮೇಲೆ ಬರಬೇಕಾದ ಕುದುರೆಯನ್ನು ಹಾಗೆ ಎಣಿಸಿ ನೋಡಲಾಗದು. ಅದಕ್ಕೆ ದರವನ್ನು ಕಟ್ಟಬಹುದು, ಪಟ್ಟಿ ಮಾಡಬಹುದು, ಕಾನೂನು ಬರೆಯಬಹುದು. ಬೆಳಗಿನ ಜಾವ ಲಾಯದ ಹುಡುಗ ಬಂದು ಅದರ ಕಾಲನ್ನು ಮುಟ್ಟಿ ನೋಡುವವರೆಗೆ ಅದು ಬರುವುದೋ ಇಲ್ಲವೋ ಯಾರಿಗೂ ತಿಳಿಯದು.

(ಬಾನುಲಿ ಭಾಷಣ)